ಒಂದು ಕಿಲೋ ತುತ್ತದಲ್ಲಿ ಇಪ್ಪತ್ತನಾಲ್ಕು ಮಹಾಕ್ಷೋಭ

ಮೇ ತಿಂಗಳು ಮುಗಿಯುತ್ತ ಬಂದಂತೆ ಶಿಕಾರಿಪುರ ಮತ್ತು ಸೊರಬ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಿಗೆ ಎರಡು ಬಗೆಯ ಚೀಲಗಳು ಬರುತ್ತವೆ. ಒಂದರಲ್ಲಿ ನವಿಲಿನ ಕೊರಳಿನ ಬಣ್ಣದ ಹರಳುಗಳು, ಇನ್ನೊಂದರಲ್ಲಿ ಬೆಳ್ಳನೆಯ ಸುಣ್ಣ. ಹರಳಿನ ಹೆಸರು ಮೈಲುತುತ್ತ. ಸಂಸ್ಕೃತದಲ್ಲಿ ಇದು ಮಯೂರತುತ್ಥ. ಬಣ್ಣ ಕಂಡವರು ಹೆಸರಿನೊಳಗೇ ನವಿಲನ್ನು ಇಟ್ಟಿದ್ದಾರೆ. ಮಳೆ ಹಿಡಿಯುವ ಮುನ್ನ ಈ ಎರಡನ್ನೂ ನೀರಿನಲ್ಲಿ ಕಲಸಿ, ಮರದ ತುದಿಯ ಕೊನೆಗಳಿಗೆ ಸಿಂಪಡಿಸಬೇಕು. ತಪ್ಪಿದರೆ ಆಷಾಢದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ವರ್ಷದ ಅನ್ನ ಮರದ ಬುಡದಲ್ಲಿ ಬಿದ್ದಿರುತ್ತದೆ.

ಅದೇ ಮನೆಯ ಒಳಗೆ ಪಿಯುಸಿ ಓದುವ ಮಗನೋ ಮಗಳೋ ರಸಾಯನಶಾಸ್ತ್ರದ ಪುಸ್ತಕದ ಮುಂದೆ ಕುಳಿತಿರುವುದುಂಟು. 'ಒಂದು ಸಂಯುಕ್ತದ ಇಷ್ಟು ಗ್ರಾಂನಲ್ಲಿ ಎಷ್ಟು ಅಯಾನುಗಳಿವೆ, ಕಂಡುಹಿಡಿಯಿರಿ' ಎಂಬುದು ಆ ಪುಸ್ತಕದ ಹಳೆಯ ಪ್ರಶ್ನೆ. ಪರೀಕ್ಷೆಗಾಗಿ ಕಲಿತು ಮರುದಿನ ಮರೆಯುವ ಲೆಕ್ಕವೆಂದೇ ಹೆಚ್ಚಿನವರು ಅದನ್ನು ತಿಳಿದಿದ್ದಾರೆ. ಆದರೆ ಆ ಪ್ರಶ್ನೆಯ ಸಂಯುಕ್ತ ಜಗಲಿಯ ಮೇಲಿನ ಚೀಲದಲ್ಲೇ ಇದೆ. ಅದರ ಉತ್ತರವನ್ನು ನೆಚ್ಚಿಕೊಂಡೇ ತೋಟ ಮಳೆಗಾಲವನ್ನು ದಾಟುತ್ತದೆ.

ಎಣಿಕೆಯೇ ಹೆಸರಾದ ನಾಡು

ಈ ಸೀಮೆಗೆ ಎಣಿಕೆ ಹೊಸತಲ್ಲ. ಶಿಕಾರಿಪುರ, ಸೊರಬಗಳು ಸೇರಿದ್ದ ಹಳೆಯ ಪ್ರಾಂತದ ಹೆಸರೇ ಬನವಾಸಿ ಪನ್ನಿರ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ. ಅದರೊಳಗಿನ ಒಂದು ಭಾಗ ನಾಗರಖಂಡ ಎಪ್ಪತ್ತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಅದರ ಮುಖ್ಯ ಪಟ್ಟಣವಾಗಿತ್ತು. ಈ ಸಂಖ್ಯೆಗಳು ಊರುಗಳನ್ನು ಎಣಿಸಿದವೇ, ಹುಟ್ಟುವಳಿಯನ್ನು ಎಣಿಸಿದವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾಡನ್ನು ಸಂಖ್ಯೆಯಿಂದ ಗುರುತಿಸುವ ವಾಡಿಕೆ ಇತ್ತೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಬಳ್ಳಿಗಾವೆಯಂಥ ಊರಿನ ಶಾಸನಗಳಲ್ಲಿ ದಾನದ ನೆಲವನ್ನು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಅಳೆದು ಕಲ್ಲಿನ ಮೇಲೆ ಕೊರೆಸಿದ್ದಾರೆ.

ಬನವಾಸಿಯು ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನಿದ್ದ. ಸುಮಾರು ಕ್ರಿ.ಶ. 850ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಶತಮಾನಗಳ ಕಾಲ ದಕ್ಷಿಣದಲ್ಲಿ ಪಾಠಗ್ರಂಥವಾಗಿತ್ತು. ಅದರಲ್ಲಿ ಅಂಕಿಗಳ ಸ್ಥಾನಗಳಿಗೆ ಒಂದು ಹೆಸರುಪಟ್ಟಿಯಿದೆ. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಲಕ್ಷ, ಕೋಟಿಗಳನ್ನು ದಾಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳ ಮೂಲಕ ಕ್ಷೋಭ, ಮಹಾಕ್ಷೋಭಗಳಲ್ಲಿ ಅದು ಮುಗಿಯುತ್ತದೆ. ಒಟ್ಟು 24 ಸ್ಥಾನಗಳು. ಒಂದರ ಮುಂದೆ 18 ಸೊನ್ನೆ ಇಟ್ಟರೆ ಶಂಖ, 22 ಸೊನ್ನೆ ಇಟ್ಟರೆ ಕ್ಷೋಭ, 23 ಸೊನ್ನೆ ಇಟ್ಟರೆ ಮಹಾಕ್ಷೋಭ. ಬೇರೆ ಗ್ರಂಥಗಳಲ್ಲಿ ಇವೇ ಹೆಸರುಗಳಿಗೆ ಬೇರೆ ಬೆಲೆಗಳಿರುವುದರಿಂದ ಇಲ್ಲಿ ಮಹಾವೀರನ ಪಟ್ಟಿಯನ್ನೇ ಹಿಡಿಯುವುದು ಕ್ಷೇಮ.

ಅಷ್ಟು ದೊಡ್ಡ ಸಂಖ್ಯೆಯಿಂದ ಎಣಿಸಬಹುದಾದ ಯಾವ ವಸ್ತುವೂ ಆ ಕಾಲದ ಅಂಗಡಿಯಲ್ಲಾಗಲಿ ಅರಮನೆಯ ಬೊಕ್ಕಸದಲ್ಲಾಗಲಿ ಇರಲಿಲ್ಲ. ಸಾವಿರ ವರ್ಷಗಳ ಮೇಲೆ ರಸಾಯನಶಾಸ್ತ್ರಕ್ಕೆ ಬೇಕಾಗಿ ಬಂದದ್ದು ಸರಿಯಾಗಿ ಅಷ್ಟೇ ದೊಡ್ಡ ಮೆಟ್ಟಿಲು.

ಎಣಿಸಲಾಗದ್ದನ್ನು ತೂಗುವುದು

ಒಂದು ಮೂಟೆ ಒಣ ಅಡಿಕೆಯಲ್ಲಿ ಎಷ್ಟು ಅಡಿಕೆಗಳಿವೆ ಎಂದು ತಿಳಿಯಲು ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ನೂರು ಅಡಿಕೆ ತೂಗಿ, ಮೂಟೆಯ ತೂಕವನ್ನು ಅದರಿಂದ ಭಾಗಿಸಿದರೆ ಸಾಕು. ಬ್ಯಾಂಕಿನಲ್ಲಿ ಚಿಲ್ಲರೆ ನಾಣ್ಯವನ್ನು ತೂಗಿ ಲೆಕ್ಕ ಹಾಕುವ ಉಪಾಯವೂ ಇದೇ. ಅಯಾನುಗಳ ಲೆಕ್ಕದಲ್ಲಿರುವುದೂ ಈ ಒಂದೇ ಉಪಾಯ. ವ್ಯತ್ಯಾಸವೆಂದರೆ, ಒಂದು ಅಯಾನನ್ನು ಹಿಡಿದು ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಒಂದು ದೊಡ್ಡ 'ಕಟ್ಟ'ನ್ನು ಗೊತ್ತುಮಾಡಿಕೊಂಡರು. ವೀಳ್ಯದೆಲೆಗೆ ಕಟ್ಟು, ಬಾಳೆಹಣ್ಣಿಗೆ ಡಜನ್ ಇರುವಂತೆ, ಪರಮಾಣುಗಳಿಗೆ 'ಮೋಲ್'.

ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಗೆ ಇಟಲಿಯ ಆವೊಗಾಡ್ರೊನ ಹೆಸರಿದೆ. ಒಂದೇ ಗಾತ್ರದ, ಒಂದೇ ಒತ್ತಡ ಮತ್ತು ಉಷ್ಣತೆಯ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಒಂದೇ ಎಂದು ಅವನು 1811ರಲ್ಲಿ ಹೇಳಿದ್ದ. ಆ ಸಂಖ್ಯೆ ಎಷ್ಟೆಂಬುದು ಮಾತ್ರ ಅವನ ಜೀವಮಾನದಲ್ಲಿ ತಿಳಿಯಲಿಲ್ಲ. ಫ್ರಾನ್ಸಿನ ಝಾನ್ ಪೆರಾನ್ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಚಲನೆಯನ್ನು ಅಳೆದು ಅದನ್ನು ಲೆಕ್ಕ ಹಾಕಿ, 1909ರಲ್ಲಿ ಆವೊಗಾಡ್ರೊನ ಹೆಸರಿಟ್ಟ. 2019ರ ಮೇ 20ರಿಂದ ಜಗತ್ತಿನ ಅಳತೆಗಳ ವ್ಯವಸ್ಥೆಯಲ್ಲಿ ಈ ಸಂಖ್ಯೆಯನ್ನು ಬದಲಾಗದಂತೆ ಗೊತ್ತುಪಡಿಸಲಾಗಿದೆ. ಹೆಚ್ಚು ಕಡಿಮೆ 6022 ಬರೆದು ಅದರ ಮುಂದೆ 20 ಸೊನ್ನೆ ಇಟ್ಟರೆ ಬರುವ ಸಂಖ್ಯೆ ಅದು. ನಮ್ಮ ರೂಢಿಯಲ್ಲಿ ಹೇಳಬೇಕಾದರೆ 602 ಕೋಟಿ ಕೋಟಿ ಕೋಟಿ. ಮಹಾವೀರನ ಮಾತಿನಲ್ಲಾದರೆ ಆರು ಮಹಾಕ್ಷೋಭಕ್ಕಿಂತ ಚೂರು ಹೆಚ್ಚು. ಅವನ ಪಟ್ಟಿಯ ಕಟ್ಟಕಡೆಯ ಮೆಟ್ಟಿಲಿನ ಮೇಲೆಯೇ ಇಂದಿನ ರಸಾಯನಶಾಸ್ತ್ರ ನಿಂತಿದೆ. ಇದು ಕಾಕತಾಳೀಯವೇ ಹೌದು. ಆದರೆ ಹೇಳಲು ನಾಲಗೆಗೆ ಒಂದು ಹೆಸರು ಸಿಕ್ಕಿತು.

ಅಯಾನು ಎಂದರೆ ವಿದ್ಯುದಂಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು. ಈ ಹೆಸರು 1834ರಲ್ಲಿ ಮೈಕೆಲ್ ಫ್ಯಾರಡೆಯ ಬರಹದಿಂದ ಬಂತು. ಮೂಲ ಗ್ರೀಕ್ ಪದದ ಅರ್ಥ 'ಹೋಗುವುದು'. ವಿದ್ಯುತ್ ಹಾಯಿಸಿದಾಗ ದ್ರಾವಣದಲ್ಲಿ ಇವು ಒಂದೊಂದು ಕಡೆಗೆ ಹೋಗುತ್ತವೆ. ಅಡಿಗೆಯ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಬಗೆಯ ಅಯಾನುಗಳು ಜೋಡಿಯಾಗಿರುತ್ತವೆ. ಪರಮಾಣುಗಳ ಸಾಪೇಕ್ಷ ತೂಕಗಳನ್ನು ಕೂಡಿಸಿದರೆ ಉಪ್ಪಿನ ಸೂತ್ರತೂಕ 58.44. ಅಂದರೆ 58.44 ಗ್ರಾಂ ಉಪ್ಪು ಒಂದು ಮೋಲ್. ಒಂದು ಗ್ರಾಂ ಉಪ್ಪನ್ನು ಅದರಿಂದ ಭಾಗಿಸಿ, ಬಂದದ್ದನ್ನು ಆವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಸೋಡಿಯಂ ಅಯಾನುಗಳು ಸುಮಾರು ಒಂದು ಕ್ಷೋಭ, ಕ್ಲೋರೈಡ್ ಅಯಾನುಗಳೂ ಅಷ್ಟೇ. ಚಿಟಿಕೆ ಉಪ್ಪಿನ ಲೆಕ್ಕವಿದು.

ಲೆಕ್ಕಕ್ಕೆ ಮೂರೇ ಹೆಜ್ಜೆ. ಮೊದಲು ಸೂತ್ರತೂಕ ಕೂಡಿಸುವುದು. ಎರಡನೆಯದಾಗಿ, ಕೊಟ್ಟ ಗ್ರಾಂಗಳನ್ನು ಅದರಿಂದ ಭಾಗಿಸಿ ಮೋಲ್ ಎಷ್ಟೆಂದು ನೋಡುವುದು. ಕೊನೆಗೆ ಅದನ್ನು ಆವೊಗಾಡ್ರೊ ಸಂಖ್ಯೆಯಿಂದ ಗುಣಿಸಿ, ಒಂದು ಸೂತ್ರದಲ್ಲಿ ಎಷ್ಟು ಅಯಾನುಗಳಿವೆಯೋ ಅಷ್ಟರಿಂದ ಮತ್ತೆ ಗುಣಿಸುವುದು.

ಹರಳಿನೊಳಗಿನ ನೀರು

ಈಗ ತುತ್ತದ ಚೀಲಕ್ಕೆ ಬರಬಹುದು. ರಾಸಾಯನಿಕವಾಗಿ ಅದು ತಾಮ್ರದ ಸಲ್ಫೇಟು. ಒಂದು ತಾಮ್ರದ ಅಯಾನು, ಒಂದು ಸಲ್ಫೇಟ್ ಅಯಾನು, ತೂಕ 159.61. ಇಷ್ಟಕ್ಕೇ ನಿಂತು ಲೆಕ್ಕ ಮಾಡಿದ ವಿದ್ಯಾರ್ಥಿ ಎಡವುತ್ತಾನೆ. ನೀಲಿ ಹರಳಿನಲ್ಲಿ ಪ್ರತಿ ಜೋಡಿಯ ಜೊತೆಗೆ ಐದು ನೀರಿನ ಅಣುಗಳು ಕಟ್ಟಿಕೊಂಡಿರುತ್ತವೆ. ಅವುಗಳ ತೂಕ 90.08. ಕೂಡಿಸಿದರೆ 249.69. ಹರಳನ್ನು ಕಾಯಿಸಿದರೆ ಈ ನೀರು ಹೊರಟುಹೋಗಿ, ನೀಲಿ ಬಣ್ಣ ಮಾಯವಾಗಿ ಬೂದಿಯಂಥ ಬಿಳಿಯ ಪುಡಿ ಉಳಿಯುತ್ತದೆ. ಒಂದು ತೊಟ್ಟು ನೀರು ಬಿದ್ದರೆ ನೀಲಿ ಮರಳುತ್ತದೆ. ಮುಟ್ಟಿದರೆ ಒಣಗಿಯೇ ಇರುವ ಒಂದು ಕಿಲೋ ತುತ್ತದಲ್ಲಿ ಸುಮಾರು 360 ಗ್ರಾಂ ನೀರಿದೆ ಎಂದರೆ ನಂಬುವುದು ಕಷ್ಟ.

ಒಂದು ಕಿಲೋವನ್ನು, ಅಂದರೆ 1000 ಗ್ರಾಂ ಅನ್ನು 249.69ರಿಂದ ಭಾಗಿಸಿದರೆ 4.005 ಮೋಲ್. ಆವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ತಾಮ್ರದ ಅಯಾನುಗಳು 24 ಮಹಾಕ್ಷೋಭ. ಸಲ್ಫೇಟ್ ಅಯಾನುಗಳೂ ಅಷ್ಟೇ. ಒಟ್ಟು 48 ಮಹಾಕ್ಷೋಭ. ತಾಮ್ರವೊಂದರದೇ ತೂಕ ಸುಮಾರು 255 ಗ್ರಾಂ. ನೀರನ್ನು ಮರೆತು 159.61ರಿಂದ ಭಾಗಿಸಿದವನಿಗೆ ಸುಮಾರು 38 ಮಹಾಕ್ಷೋಭ ತಾಮ್ರ ಸಿಗುತ್ತದೆ. ಕಾಗದದ ಮೇಲಿನ ಆ ತಾಮ್ರ ತೋಟದಲ್ಲಿ ಇರುವುದಿಲ್ಲ.

ಕೊಟ್ಟೆಯಿಂದ ಬೋರ್ಡೋವರೆಗೆ

ಅಡಿಕೆಯ ಕೊಳೆರೋಗ ಮಲೆನಾಡಿಗೆ ಹಳೆಯ ವೈರಿ. ದಕ್ಷಿಣ ಕನ್ನಡದಲ್ಲಿ ಅದನ್ನು ಮಹಾಳಿ ಎನ್ನುತ್ತಾರೆ. ಬೆಳೆಗಾರರು ಹಿಂದೆ ಮಳೆ ನೀರು ತಾಗದಂತೆ ಪ್ರತಿ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಮರಮರಕ್ಕೂ ಹತ್ತಿ, ಕೊನೆಕೊನೆಗೂ ಟೊಪ್ಪಿಗೆ ಹಾಕುವ ಕೆಲಸವದು. ರೋಗ ಬರುವುದು ನೀರಿನಿಂದಲೇ ಎಂಬ ಅವರ ಗ್ರಹಿಕೆ ಸರಿಯಾಗಿತ್ತು. ರೋಗಕ್ಕೆ ಕಾರಣವಾದ ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಕಣಗಳಿಗೆ ಎರಡು ಬಾಲಗಳಿದ್ದು, ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜುತ್ತವೆ. 1845ರ ನಂತರ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶ ಮಾಡಿ ಕ್ಷಾಮ ತಂದದ್ದೂ ಇದೇ ಕುಲದ ಜೀವಿ.

ಮೈಸೂರು ಸಂಸ್ಥಾನ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಸಸ್ಯರೋಗ ಮತ್ತು ಕೀಟಗಳ ತಜ್ಞರನ್ನಾಗಿ ಕರೆಸಿಕೊಂಡಿತು. ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಕೊಟ್ಟೆಯ ಬದಲು ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತರಲು ದುಡಿದರು. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು.

ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ಸೀಮೆ. ಅಲ್ಲಿ ರಸ್ತೆಯ ಅಂಚಿನ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ರೈತರು ತುತ್ತ ಮತ್ತು ಸುಣ್ಣವನ್ನು ಬಳ್ಳಿಗೆ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಷ್ಟು ರೋಗ ಬಾರದಿದ್ದುದನ್ನು 1882ರಲ್ಲಿ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಮಿಶ್ರಣವನ್ನು ಪ್ರಕಟಿಸಿದರು. ಕಳ್ಳರಿಗೆಂದು ಎರಚಿದ್ದು ರೋಗವನ್ನು ಕಾದಿತ್ತು.

ಶೇಕಡಾ ಒಂದರ ಬೋರ್ಡೋಗೆ ಅಳತೆ ಸರಳ: ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಐವತ್ತು ಲೀಟರಿನಲ್ಲಿ ತುತ್ತ, ಇನ್ನೈವತ್ತರಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಕಲಸಿದ್ದನ್ನು ಅಂದೇ ಸಿಂಪಡಿಸಬೇಕು. ಮುಂಗಾರಿನ ಹೊತ್ತಿಗೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಬಾರಿ.

ಹನಿಯೊಂದರಲ್ಲಿ ಎಷ್ಟು ತಾಮ್ರವಿರುತ್ತದೆ? ಒಂದು ಮಿಲಿಲೀಟರಿಗೆ 20 ಹನಿ ಎಂದಿಟ್ಟುಕೊಂಡರೆ ನೂರು ಲೀಟರಿಗೆ 20 ಲಕ್ಷ ಹನಿ. 24 ಮಹಾಕ್ಷೋಭವನ್ನು 20 ಲಕ್ಷ ಪಾಲು ಮಾಡಿದರೂ ಹನಿಗೊಂದು ಶಂಖಕ್ಕಿಂತ ಹೆಚ್ಚು ತಾಮ್ರ ಬರುತ್ತದೆ. ನಾಲ್ಕು ಮೋಲ್ ಸಾಮಾನು ಒಂದು ತೋಟದ ಮೂಲೆಮೂಲೆಗೂ ತಲುಪುವ ಗುಟ್ಟು ಇದು.

ಕುಡುಗೋಲು ಹೇಳುವ ಸತ್ಯ

ಆದರೆ ಸಂಖ್ಯೆ ಮಾತ್ರ ಸಾಲದು. ಅಯಾನುಗಳು ಯಾವ ಸ್ಥಿತಿಯಲ್ಲಿವೆ ಎಂಬುದೂ ಮುಖ್ಯ. ಬರೇ ತುತ್ತದ ನೀರಿನಲ್ಲಿ ತಾಮ್ರದ ಅಯಾನುಗಳು ಬಿಡಿಯಾಗಿ ಅಲೆಯುತ್ತವೆ. ಅವು ರೋಗದ ಬೀಜಕಣವನ್ನು ಕೊಲ್ಲುವಂತೆ ಎಳೆಯ ಕಾಯಿಯನ್ನೂ ಸುಡುತ್ತವೆ. ಸುಣ್ಣ ಸೇರಿದಾಗ ಅದರ ಹೈಡ್ರಾಕ್ಸೈಡ್ ಅಯಾನುಗಳು ತಾಮ್ರವನ್ನು ಹಿಡಿದು, ಕರಗದ ತಿಳಿನೀಲಿ ಗಸಿಯನ್ನಾಗಿ ಮಾಡುತ್ತವೆ. ಈ ಗಸಿ ಕಾಯಿಗೆ ಅಂಟಿ ಕುಳಿತು, ಮಳೆನೀರು ತಾಗಿದಂತೆಲ್ಲ ಅಷ್ಟಷ್ಟೇ ತಾಮ್ರವನ್ನು ಬಿಟ್ಟುಕೊಡುತ್ತದೆ. ಒಮ್ಮೆಗೇ ಬಿಟ್ಟರೆ ಕಾಯಿಗೆ ಕೇಡು. ಬಿಡದೇ ಹೋದರೆ ರೋಗ ನಿಲ್ಲದು.

ಒಂದು ತಾಮ್ರದ ಅಯಾನನ್ನು ಪೂರ್ತಿ ಹಿಡಿಯಲು ಎರಡು ಹೈಡ್ರಾಕ್ಸೈಡ್ ಬೇಕು. 24 ಮಹಾಕ್ಷೋಭ ತಾಮ್ರಕ್ಕೆ 48 ಮಹಾಕ್ಷೋಭ. ಅರಳಿದ ಸುಣ್ಣದ ಸೂತ್ರತೂಕ 74.09, ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್. ಶುದ್ಧವಾದ ಒಂದು ಕಿಲೋದಲ್ಲಿ 13.5 ಮೋಲ್, ಅಂದರೆ 81 ಮಹಾಕ್ಷೋಭ ಕ್ಯಾಲ್ಸಿಯಂ, 162 ಮಹಾಕ್ಷೋಭ ಹೈಡ್ರಾಕ್ಸೈಡ್. ಬೇಕಾದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು.

ಹಾಗಿದ್ದರೂ ದ್ರಾವಣ ಕೆಡುವುದುಂಟು. ಕಾರಣ ಸುಣ್ಣದ ವಯಸ್ಸು. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಮೆಲ್ಲನೆ ಸುಣ್ಣಕಲ್ಲಿನ ಪುಡಿಯಾಗಿ ಹಿಂತಿರುಗುತ್ತದೆ. 74 ಗ್ರಾಂ ಸುಣ್ಣ ಹಾಗಾದಾಗ ಅದರ ತೂಕ 100 ಗ್ರಾಂ. ತಕ್ಕಡಿಯಲ್ಲಿ ತೂಕ ಏರಿರುತ್ತದೆ. ಹೈಡ್ರಾಕ್ಸೈಡ್ ಮಾತ್ರ ಹೋಗಿರುತ್ತದೆ. ಸೂತ್ರ ತಿಳಿದಿದ್ದರೂ ವಸ್ತು ಶುದ್ಧವಲ್ಲದಿದ್ದರೆ ತೂಕದಿಂದ ಎಣಿಕೆಗೆ ಹೋಗುವ ದಾರಿ ಮುರಿದಂತೆಯೇ. ತುತ್ತಕ್ಕೂ ಈ ಮಾತು ಸಲ್ಲುತ್ತದೆ: ನೂರಕ್ಕೆ ಎಂಬತ್ತರಷ್ಟೇ ಶುದ್ಧವಿದ್ದರೆ 24ರ ಬದಲು ಸಿಗುವುದು 19 ಮಹಾಕ್ಷೋಭ.

ಇದನ್ನು ಕಂಡುಹಿಡಿಯಲು ಬೆಳೆಗಾರರಿಗೆ ಹಳೆಯ ಪರೀಕ್ಷೆಯೊಂದಿದೆ. ಹೊಳೆಯುವಂತೆ ಮಸೆದ ಕುಡುಗೋಲನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇಲ್ಲಿ ನಡೆಯುವುದು ನೇರವಾದ ಅದಲುಬದಲು. ಕಬ್ಬಿಣದ ಒಂದು ಪರಮಾಣು ಅಯಾನಾಗಿ ನೀರಿಗಿಳಿದರೆ, ತಾಮ್ರದ ಒಂದು ಅಯಾನು ಲೋಹವಾಗಿ ಅಲಗಿಗೆ ಅಂಟುತ್ತದೆ. ಕಬ್ಬಿಣದ ಪಾತ್ರೆ ಕೂಡದೆಂಬ ಕಟ್ಟಳೆಗೂ ಇದೇ ಕಾರಣ. ತಾಮ್ರ ಪಾತ್ರೆಗೆ ಹತ್ತಿದರೆ ಕೊನೆಗೆ ತಲುಪುವುದೇನು? ಲೆಕ್ಕ ಒಟ್ಟು ಅಯಾನುಗಳನ್ನು ಹೇಳುತ್ತದೆ, ಕುಡುಗೋಲು ಬಿಡಿ ಅಯಾನುಗಳನ್ನು ಹೇಳುತ್ತದೆ. ಮಳೆಯ ಬಿಡುವು ನೋಡಿ, ಜಾರುವ ಮರದ ತುದಿಗೆ ಜೀವ ಒತ್ತೆಯಿಟ್ಟು ಹತ್ತುವ ಕೊನೆಗಾರನ ಶ್ರಮ ವ್ಯರ್ಥವಾಗದಿರಲು ಎರಡೂ ಬೇಕು.

ಎಣಿಕೆ ಅಳಿಯುವುದಿಲ್ಲ

ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಹಲವು ಕೀಟನಾಶಕಗಳು ಕಾಲಕ್ರಮದಲ್ಲಿ ಒಡೆದು ಬೇರೆ ವಸ್ತುಗಳಾಗುತ್ತವೆ. ತಾಮ್ರ ಮೂಲಧಾತು, ಅದು ಒಡೆಯುವುದಿಲ್ಲ, ಆವಿಯಾಗುವುದಿಲ್ಲ. ಕಾಯಿಯಿಂದ ತೊಳೆದುಹೋದದ್ದು ಮರದ ಬುಡದ ಮಣ್ಣಿಗೆ ಬಂದು, ಅದರ ಜೇಡಿ ಮತ್ತು ಗೊಬ್ಬರದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಒಂದು ಎಕರೆಗೆ ಒಂದು ಸಿಂಪರಣೆಗೆ ಸಾವಿರ ಲೀಟರ್ ಎಂದೂ ವರ್ಷಕ್ಕೆ ಎರಡು ಸಿಂಪರಣೆ ಎಂದೂ ಉದಾಹರಣೆಗೆ ಇಟ್ಟುಕೊಳ್ಳಿ. ವರ್ಷಕ್ಕೆ 20 ಕಿಲೋ ತುತ್ತ. ಅದರಲ್ಲಿ ತಾಮ್ರ ಐದು ಕಿಲೋಗೂ ಸ್ವಲ್ಪ ಹೆಚ್ಚು. ಇಪ್ಪತ್ತು ವರ್ಷಗಳಲ್ಲಿ ಆ ಎಕರೆಗೆ ಬಿದ್ದ ತಾಮ್ರ ನೂರು ಕಿಲೋ ದಾಟುತ್ತದೆ. ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕಾದ ಧಾತುವೇ ಮಿತಿ ಮೀರಿದರೆ ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ವಿಷ. ಐರೋಪ್ಯ ಒಕ್ಕೂಟವು ದ್ರಾಕ್ಷಿ ಮೊದಲಾದ ಬೆಳೆಗಳಿಗೆ ಬಳಸುವ ತಾಮ್ರಕ್ಕೆ 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿಯನ್ನು ಹಾಕಿದ್ದು ಈ ಭಯದಿಂದಲೇ. ಬೋರ್ಡೋ ಹುಟ್ಟಿದ ನಾಡಿನಲ್ಲೇ ಅದಕ್ಕೆ ಕಡಿವಾಣ ಬಿದ್ದಿದೆ.

ಇದರಿಂದ ತುತ್ತವನ್ನು ಬಿಟ್ಟುಬಿಡಬೇಕೆಂದು ಅರ್ಥವಲ್ಲ. ಕೊಳೆರೋಗದ ಎದುರು ನೂರು ವರ್ಷಕ್ಕೂ ಮೀರಿ ಮಲೆನಾಡನ್ನು ಕಾಯ್ದದ್ದು ಅದೇ. 'ಇನ್ನೊಂದು ಹಿಡಿ ಹೆಚ್ಚಿಗಿರಲಿ' ಎಂದು ಕೈಯಳತೆಯಲ್ಲಿ ಸುರಿಯುವುದಕ್ಕೂ, 'ಇಷ್ಟು ಸಾಕು' ಎಂದು ಉಳಿಸುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದಷ್ಟೇ ತಾತ್ಪರ್ಯ. ಕಡಿಮೆಯಾದರೆ ಆ ವರ್ಷದ ಫಸಲು ಹೋಗುತ್ತದೆ, ಹೆಚ್ಚಾದರೆ ಮುಂದಿನವರ ಮಣ್ಣು. ಪುಸ್ತಕದ ಮುಂದೆ ಕುಳಿತ ಹುಡುಗಿ ಜಗಲಿಗೆ ಬಂದು ತಕ್ಕಡಿ ಹಿಡಿದರೆ, ಅಪ್ಪನ ಕುಡುಗೋಲು ಮತ್ತು ಅವಳ ಲೆಕ್ಕ ಒಂದೇ ಮಾತನ್ನು ಹೇಳುವುದು ಇಬ್ಬರಿಗೂ ಕಾಣಿಸೀತು.